ಮೊದಲ ರ‍್ಯಾಂಕ್ ಬಂದ ಸರಾಸರಿ

ಹೈಸ್ಕೂಲಿನ ಗುಮಾಸ್ತರು ಕೊಟ್ಟ ಚೀಟಿಯಲ್ಲಿ ಒಂದೇ ಒಂದು ಪದವಿತ್ತು: ಸರಾಸರಿ. ಅದರ ಕೆಳಗೆ ಸಣ್ಣದಾಗಿ, ಬಂಗಾರದ ಬಣ್ಣ, ಎಂದಿನ ಅಳತೆ, ಎಂದು ಬರೆದಿದ್ದರು.

ನಾನು ಬೋರ್ಡ್ ಬರೆಯುವವನು. ನಮ್ಮ ಬೀದಿಯ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ನನ್ನ ಅಕ್ಷರಗಳು ಕೂತಿವೆ. ಈ ಹೈಸ್ಕೂಲಿನಲ್ಲಂತೂ ಗೇಟಿನಿಂದ ಹಿಡಿದು ನೀರಿನ ನಲ್ಲಿಯವರೆಗೆ ಓದಲು ಸಿಗುವುದೆಲ್ಲ ನನ್ನ ಕೈಬರಹವೇ. 'ಗಲಾಟೆ ಮಾಡಬೇಡಿ' ನನ್ನದು. 'ನಲ್ಲಿ ನಿಲ್ಲಿಸಿ ಹೋಗಿ' ನನ್ನದು. ಪರೀಕ್ಷೆಯ ಹಾಲಿನ ಬಾಗಿಲ ಮೇಲೆ 'ಹೆಸರು ಬರೆಯದಿದ್ದರೆ ಹತ್ತು ಅಂಕ ಕಡಿತ' ಎಂದು ಕೆಂಪು ಬಣ್ಣದಲ್ಲಿ ಬರೆದು ಮಕ್ಕಳ ಎದೆ ನಡುಗಿಸಿದವನೂ ನಾನೇ. ಇದೆಲ್ಲ ಹೊಟ್ಟೆಪಾಡಿನ ಕೆಲಸ. ನಾನು ಮನಸ್ಸಿಟ್ಟು ಮಾಡುವುದು ಆಫೀಸಿನ ಎದುರಿನ ಕಪ್ಪು ಹಲಗೆಯ ಕೆಲಸವನ್ನು. ಕೊನೆಯ ತರಗತಿಯಲ್ಲಿ ಮೊದಲ ರ‍್ಯಾಂಕ್ ಬಂದವರ ಹೆಸರನ್ನು ವರ್ಷಕ್ಕೊಂದರಂತೆ ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುವುದು ಈ ಶಾಲೆಯ ಪದ್ಧತಿ. ಈ ವರ್ಷ ಅಲ್ಲಿ ನನ್ನ ಮಗಳ ಹೆಸರು ಬರೆಯಬೇಕೆಂದು ಹೊಸ ಬ್ರಷ್ ತಂದು, ಅದರ ಕೂದಲು ಕೆಡದ ಹಾಗೆ ಕಾಗದ ಸುತ್ತಿ ಇಟ್ಟಿದ್ದೆ.

"ಗುಮಾಸ್ತರೇ, ಸರಾಸರಿ ಅಂತ ಇದೆ. ಹೆಸರೆಲ್ಲಿ?" ಎಂದೆ.

"ಅದೇ ಕಣಪ್ಪ. ತರಗತಿಯ ಸರಾಸರಿ. ಈ ಸಲ ಅವನೇ ಫಸ್ಟು."

"ಅವನು ಅಂದ್ರೆ ಯಾರು?"

"ಅವನೋ ಅವಳೋ, ಖಡಾಖಂಡಿತ ಹೇಳೋಕಾಗಲ್ಲ. ತರಗತೀಲಿ ಹುಡುಗರು ಇಬ್ಬರು ಜಾಸ್ತಿ ಇದಾರೆ. ಅದಕ್ಕೇ ಅವನು ಅಂತೀವಿ."

ಗುಮಾಸ್ತರು ತಮಾಷೆ ಮಾಡುವ ಜಾತಿಯ ಮನುಷ್ಯರಲ್ಲ. ಅವರು ನಕ್ಕದ್ದನ್ನು ನೋಡಿದವರು ಆಫೀಸಿನಲ್ಲಿ ಯಾರೂ ಇಲ್ಲ. ನನ್ನನ್ನು ಕೂರಿಸಿ, ಅಂಕಪಟ್ಟಿಯ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿ ತಾಳ್ಮೆಯಿಂದ ವಿವರಿಸಿದರು.

ತರಗತಿಯಲ್ಲಿ ಮೂವತ್ತು ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಎಲ್ಲರ ಕೆಳಗೆ, ಹೋಲಿಸಿ ನೋಡಲೆಂದು, ಪ್ರತಿ ವಿಷಯದಲ್ಲಿ ಇಡೀ ತರಗತಿಯ ಸರಾಸರಿ ಅಂಕ ಬರೆಯುವುದು ಎಲ್ಲ ಶಾಲೆಗಳಲ್ಲೂ ಇರುವ ರೂಢಿ. ಆದರೆ ಈ ಶಾಲೆಯ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಬಂದ ಹೊಸದರಲ್ಲೇ ಒಂದು ಕಟ್ಟಪ್ಪಣೆ ಮಾಡಿದ್ದರು. ಶಾಲೆಯ ಯಾವ ಹಾಳೆಯಲ್ಲೂ ಗೆರೆ ಎಳೆದ ಯಾವ ಮನೆಯೂ ಖಾಲಿ ಇರಬಾರದು. ಸರಾಸರಿಯ ಸಾಲಿನಲ್ಲಿ ಮನೆಗಳು ಖಾಲಿ ಇದ್ದವು. ಗುಮಾಸ್ತರು ತುಂಬಿದರು. ಕ್ರಮಸಂಖ್ಯೆ ಕೊಟ್ಟರು, ಹಾಜರಿ ಬರೆದರು, ಅಂಕಗಳನ್ನು ಗ್ರೇಡ್ ಪಾಯಿಂಟ್ ಮಾಡಿದರು, ರ‍್ಯಾಂಕನ್ನೂ ಹಾಕಿದರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷವೂ ಸರಾಸರಿ ಪರೀಕ್ಷೆಗೆ ಕೂತು, ಹದಿನಾಲ್ಕನೆಯದೋ ಹದಿನಾರನೆಯದೋ ರ‍್ಯಾಂಕ್ ತೆಗೆದುಕೊಂಡು, ಯಾರ ಕಣ್ಣಿಗೂ ಬೀಳದೆ ಪಾಸಾಗುತ್ತಿದ್ದ.

"ಈ ವರ್ಷ ಚೆನ್ನಾಗಿ ಓದಿದಾನೆ," ಎಂದರು ಗುಮಾಸ್ತರು.

ನನಗೆ ಮೈಯೆಲ್ಲ ಉರಿದುಹೋಯಿತು. ಚೀಟಿಯನ್ನು ಜೇಬಿಗೆ ತುರುಕಿಕೊಂಡು, ಬಂಗಾರದ ಬಣ್ಣ ಗಟ್ಟಿಯಾಗಿದೆ, ಹೊಸದು ತರಬೇಕು ಎಂದು ಸುಳ್ಳು ಹೇಳಿ ಮನೆಗೆ ಬಂದೆ.

ಮಗಳಿಗೆ ಆಗಲೇ ಗೊತ್ತಾಗಿತ್ತು. ಅಡಿಗೆಮನೆಯ ಮೆಟ್ಟಿಲ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹಲಗೆಯಲ್ಲ, ಸೇತುವೆ. ಸೇತುವೆ ಕಟ್ಟುವುದನ್ನು ಕಲಿಸುವ ಕಾಲೇಜು ಒಂದೊಂದು ಹೈಸ್ಕೂಲಿಗೆ ಒಂದೊಂದೇ ಸೀಟು ಕೊಡುತ್ತದೆ. ಮೊದಲ ರ‍್ಯಾಂಕಿನವರಿಗೆ ಮಾತ್ರ. ಚಿಕ್ಕವಳಿದ್ದಾಗಿನಿಂದ ಅವಳು ನನ್ನ ಏಣಿ, ಹಲಗೆ, ಹಗ್ಗ ತೆಗೆದುಕೊಂಡು ಚರಂಡಿಯ ಮೇಲೆ ಸೇತುವೆ ಕಟ್ಟಿ, ಅವರಮ್ಮನನ್ನು ಅದರ ಮೇಲೆ ನಡೆಸಿ, ಎರಡು ಸಲ ಬೀಳಿಸಿದ್ದಾಳೆ. ಮೂರನೆಯ ಸಲ ಸೇತುವೆ ನಿಂತಿತು. ಅವತ್ತೇ ಅವಳ ಓದು ಯಾವುದೆಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು.

"ಸರಾಸರಿ ಹೇಗೇ ಮೊದಲು ಬರುತ್ತೆ? ನಡುವೆ ಇರಬೇಕಾದದ್ದಲ್ವಾ?" ಎಂದೆ.

"ಅಂಕದಲ್ಲಾದ್ರೆ ನಡುವೆ ಇರ್ತಿತ್ತು ಅಪ್ಪ. ಗ್ರೇಡ್ ಪಾಯಿಂಟ್‌ನಲ್ಲಿ ಹಾಗಿಲ್ಲ," ಎಂದು ಅವಳು ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದಳು. ತೊಂಬತ್ತು ಬರಲಿ, ಅದರ ಮೇಲೆ ಎಷ್ಟೇ ಬರಲಿ, ನಾಲ್ಕು ಪಾಯಿಂಟ್. ಎಪ್ಪತ್ತೈದು ದಾಟಿದರೆ ಮೂರು. ಅದರ ಕೆಳಗೆ ಎರಡು, ಒಂದು, ಸೊನ್ನೆ. ಆರು ವಿಷಯದ ಪಾಯಿಂಟ್ ಕೂಡಿಸಿ ಆರರಿಂದ ಭಾಗಿಸುತ್ತಾರೆ. ಈ ವರ್ಷದ ಮಕ್ಕಳೆಲ್ಲ ಜಾಣರೇ, ಆದರೆ ಒಬ್ಬೊಬ್ಬರು ಒಂದೊಂದು ಹಳ್ಳಕ್ಕೆ ಬೀಳುವವರು. ಬೇಕರಿಯವರ ಮಗ ಹೈಜಂಪ್‌ನಲ್ಲಿ ಹಕ್ಕಿ, ವಿಜ್ಞಾನದಲ್ಲಿ ಸೊನ್ನೆ. ನರ್ಸಮ್ಮನ ಮಗಳು ಭಾಷೆಯಲ್ಲಿ ಪಂಡಿತೆ, ಲೆಕ್ಕದಲ್ಲಿ ದೇವರೇ ಗತಿ. ನನ್ನ ಮಗಳಿಗೆ ಲೆಕ್ಕದಲ್ಲಿ ನೂರಕ್ಕೆ ನೂರು, ಡ್ರಿಲ್ಲಿನಲ್ಲಿ ಹೇಳಿಕೊಳ್ಳಲಾಗದ ಸ್ಥಿತಿ. ಸರಾಸರಿಗೆ ಮಾತ್ರ ಹಳ್ಳವೇ ಇಲ್ಲ. ಒಬ್ಬರ ಹಳ್ಳವನ್ನು ಇನ್ನೊಬ್ಬರ ಗುಡ್ಡೆ ತುಂಬಿಬಿಡುತ್ತದೆ. ಆರು ವಿಷಯದಲ್ಲೂ ಎಪ್ಪತ್ತೈದರ ಮೇಲೆ, ಆರು ಮೂರಲೆ ಹದಿನೆಂಟು. ಇಡೀ ತರಗತಿಯಲ್ಲಿ ಇನ್ನೊಬ್ಬರಿಗೆ ಮಾತ್ರ ಹದಿನೆಂಟು ಬಂದಿತ್ತು. ಅದು ನನ್ನ ಮಗಳಿಗೆ.

"ಸರಿಸಮ ಆಯ್ತಲ್ಲ. ಮತ್ತೆ ಅವನು ಹೇಗೆ ಮೇಲೆ?"

"ಸಮ ಬಂದಾಗ ನಡತೆ ನೋಡ್ತಾರೆ. ನನ್ನ ಮೇಲೆ ಒಂದು ದೂರಿದೆ."

ದೂರು ನನಗೂ ಗೊತ್ತಿತ್ತು. ಹೈಜಂಪ್ ಹಾರಲು ಹೋಗಿ ಬಿದ್ದ ಜಾಗದ ಪಕ್ಕದ ಗೋಡೆಯ ಮೇಲೆ ಅವಳು ನನ್ನದೇ ಬಂಗಾರದ ಬಣ್ಣದಲ್ಲಿ, 'ಈಕೆ ಇಲ್ಲಿ ಬಿದ್ದಳು' ಎಂದು ಅಂದವಾಗಿ ಬರೆದಿದ್ದಳು. ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಬೈಯಲು ಬಾಯಿ ಬರಲಿಲ್ಲ.

ನನ್ನ ಹೆಂಡತಿ ಒಲೆಯ ಮುಂದೆ ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು. "ರೀ, ಆ ಮಗುವಿಗೆ ಮನೇಲಿ ಯಾರಿದಾರಂತೆ?" ಎಂದಳು.

"ಯಾವ ಮಗುವಿಗೆ?"

"ಸರಾಸರಿಗೆ. ಅಪ್ಪ ಅಮ್ಮ ಇಲ್ಲದೆ ಫಸ್ಟ್ ಬಂದಿದೆ ಅಂದ್ರೆ, ಪಾಪ."

"ನಿನ್ನ ಮಗಳ ಸೀಟು ಹೋಗ್ತಿದೆ ಕಣೇ."

"ಅದಕ್ಕೆ ಹೊಟ್ಟೆ ಉರಿಯುತ್ತೆ. ಆದರೂ ಪಾಪ," ಎಂದು ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆಯೇ ದೊಡ್ಡ ಮೇಡಂ ಕೋಣೆಗೆ ಹೋದೆ. ಅವರ ಮೇಜು ಕನ್ನಡಿಯಷ್ಟು ಚೊಕ್ಕಟ. ಲೇಖನಿ, ಗಂಟೆ, ನೀರಿನ ಲೋಟ ಎಲ್ಲಕ್ಕೂ ಗೆರೆ ಹೊಡೆದ ಜಾಗಗಳಿವೆ. ಆ ಗೆರೆ ಹೊಡೆದವನೂ ನಾನೇ. ಡ್ರಿಲ್ ಮೇಷ್ಟ್ರು ಯಾವುದೋ ಕೆಲಸಕ್ಕೆ ಬಂದವರು ಅಲ್ಲೇ ಕೂತಿದ್ದರು.

"ಮೇಡಂ, ಇಲ್ಲದ ಮಗುವಿಗೆ ರ‍್ಯಾಂಕ್ ಕೊಟ್ಟರೆ ಇರೋ ಮಗು ಏನು ಮಾಡಬೇಕು?" ಎಂದೆ.

"ಇಲ್ಲದ ಮಗು ಅಂತ ಹೇಗೆ ಹೇಳ್ತೀರಿ?" ಎಂದರು ಮೇಡಂ. ಅವರ ದನಿಯಲ್ಲಿ ಒರಟುತನವಿರಲಿಲ್ಲ, ನನಗೆ ತಿಳಿವಳಿಕೆ ಕಡಿಮೆ ಎನ್ನುವ ಮರುಕವಿತ್ತು. "ಹಾಜರಿ ನೋಡಿ. ಒಂದು ದಿನವೂ ಪೂರ್ತಿ ತಪ್ಪಿಸಿಲ್ಲ. ಪ್ರತಿದಿನ ಹತ್ತರಲ್ಲಿ ಒಂಬತ್ತು ಪಾಲು ಬಂದಿದಾನೆ."

"ಹೈಜಂಪು ಸುಮಾರಾಗಿ ಹಾರ್ತಾನೆ," ಎಂದರು ಡ್ರಿಲ್ ಮೇಷ್ಟ್ರು. "ಆದರೆ ಬೀಳೋದಿಲ್ಲ."

"ನೀವು ನೋಡಿದೀರಾ ಸರ್, ಅವನು ಹಾರೋದನ್ನ?"

"ಮೂವತ್ತು ಜನ ಹಾರೋದು ನೋಡಿದೀನಪ್ಪ. ಅವನನ್ನು ಬೇರೆಯಾಗಿ ಯಾಕೆ ನೋಡಬೇಕು?"

ಮೇಡಂ ನೀರಿನ ಲೋಟವನ್ನು ಎತ್ತಿ, ಒಂದು ಗುಟುಕು ಕುಡಿದು, ಗೆರೆಯೊಳಗೇ ಇಟ್ಟರು. "ನೋಡಿ, ಹದಿನಾಲ್ಕನೇ ರ‍್ಯಾಂಕ್ ಬಂದಾಗ ಅವನ ಮೇಲೆ ಒಬ್ಬರೂ ತಕರಾರು ಮಾಡಲಿಲ್ಲ. ಮೊದಲು ಬಂದ ತಕ್ಷಣ ಅವನಿಲ್ಲ ಅಂತೀರಿ. ಇದನ್ನ ಏನನ್ನಬೇಕು? ಈಗ ಅವನನ್ನ ತೆಗೆದರೆ ಹಿಂದಿನ ವರ್ಷಗಳಿಂದಲೂ ತೆಗೀಬೇಕಾಗುತ್ತೆ. ಆಗ ಹದಿನೈದನೆಯವರಾಗಿದ್ದವರೆಲ್ಲ ಹದಿನಾಲ್ಕು ಆಗ್ತಾರೆ. ಅವರಿಗೆಲ್ಲ ಮದುವೆಯಾಗಿ ಮಕ್ಕಳಿದಾರೆ. ಹೋಗಿ ಏನಂತ ಹೇಳೋದು?"

"ಆ ಸೀಟಿಗೆ ಅವನು ಹೋಗಿ ಕೂರ್ತಾನಾ ಮೇಡಂ?"

"ಅದು ಅವನ ಇಷ್ಟ. ಹಾಸ್ಟೆಲಿನಲ್ಲಿ ಮಂಚ ಎಷ್ಟು ಉದ್ದ ಬೇಕು ಅಂತ ಕಾಲೇಜಿನವರು ಕೇಳಿದ್ರು. ಅವನ ಎತ್ತರ ಕಳಿಸಿದೀವಿ."

ನಾನು ಎದ್ದೆ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಆ ಲೋಟವನ್ನು ಗೆರೆಯ ಆಚೆ ಇಟ್ಟುಬಿಡುತ್ತಿದ್ದೆ. ಬಾಗಿಲವರೆಗೆ ಬಂದ ಮೇಲೆ ಮೇಡಂ ಹೇಳಿದರು. "ನಾಳೆ ಉತ್ತರಪತ್ರಿಕೆ ತೋರಿಸೋ ದಿನ. ಅಂಕದಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳಬಹುದು. ನಿಯಮ ಅಂದರೆ ನಿಯಮ, ನಾನು ಯಾರಿಗೂ ಅನ್ಯಾಯ ಮಾಡೋಳಲ್ಲ."

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮಗಳು ಅಳಲಿಲ್ಲ. ಕಡ್ಡಿ ಹಿಡಿದು ಮತ್ತೆ ನೆಲ ಗೀಚಲು ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಕಡ್ಡಿ ಎಸೆದು, "ಅಪ್ಪ, ಅವನನ್ನ ಗೆಲ್ಲಿಸಿದ್ದು ನಾನೇ," ಎಂದಳು.

ಲೆಕ್ಕದಲ್ಲಿ ಸರಾಸರಿ ಎಪ್ಪತ್ತೈದನ್ನು ದಾಟಿದ್ದು ಕೂದಲೆಳೆಯಷ್ಟು. ಅದನ್ನು ದಾಟಿಸಿದ್ದು ಅವಳ ನೂರು. ಅವಳಿಗೆ ತೊಂಬತ್ತು ಬಂದಿದ್ದರೂ ಸಿಗುತ್ತಿದ್ದದ್ದು ಅದೇ ನಾಲ್ಕು ಪಾಯಿಂಟ್. ಮೇಲಿನ ಹತ್ತು ಅಂಕದಿಂದ ಅವಳಿಗೆ ನಯಾಪೈಸೆಯ ಲಾಭವಿಲ್ಲ. ಆ ಹತ್ತೂ ಹೋಗಿ ಸರಾಸರಿಯನ್ನು ಎತ್ತಿ ಗೋಡೆ ದಾಟಿಸಿದ್ದವು. ಅವನ್ನು ವಾಪಸ್ ಕಿತ್ತುಕೊಂಡರೆ ಸರಾಸರಿ ಎಪ್ಪತ್ತೈದರ ಕೆಳಕ್ಕೆ ಜಾರಿ ಒಂದು ಪಾಯಿಂಟ್ ಕಳೆದುಕೊಳ್ಳುತ್ತಾನೆ. ಅವನಿಗೆ ಹದಿನೇಳು, ಇವಳಿಗೆ ಹದಿನೆಂಟು.

"ಹಾಗಾದ್ರೆ ನಾಳೆ ಹೋಗಿ ಅಂಕ ಕಡಿಮೆ ಮಾಡಿ ಅಂತ ಕೇಳಬೇಕಾ?" ಎಂದಳು ನನ್ನ ಹೆಂಡತಿ.

"ಹೌದಮ್ಮ. ಸರಿಯಾಗಿ ಹತ್ತು. ಹನ್ನೊಂದು ಹೋದ್ರೆ ನಾನೂ ಬಿದ್ದೆ."

ಉತ್ತರಪತ್ರಿಕೆ ತೋರಿಸುವ ದಿನ ಪರೀಕ್ಷೆಯ ಹಾಲಿನ ತುಂಬ ಅಪ್ಪ ಅಮ್ಮಂದಿರು. ಎಲ್ಲರೂ ಅರ್ಧ ಅಂಕ, ಒಂದು ಅಂಕ ಎಂದು ಮೇಷ್ಟ್ರುಗಳ ಪ್ರಾಣ ಹಿಂಡುತ್ತಿದ್ದರು. ಲೆಕ್ಕದ ಮೇಷ್ಟ್ರು ಮೂಲೆಯ ಮೇಜಿನಲ್ಲಿ ಕೂತಿದ್ದರು. ಅವರು ಕಟ್ಟುನಿಟ್ಟಿಗೆ ಹೆಸರಾದವರು. ಇಡೀ ಸರ್ವಿಸಿನಲ್ಲಿ ಒಬ್ಬರಿಗೂ ನೂರು ಕೊಟ್ಟವರಲ್ಲ. ಈ ವರ್ಷ ಕೊಟ್ಟಿದ್ದರು. ನಮ್ಮನ್ನು ನೋಡಿದ್ದೇ ಅವಳ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟರು. ಹೊಸದಾಗಿ ಹುಟ್ಟಿದ ಮೊಮ್ಮಗುವನ್ನು ತೋರಿಸುವ ಅಜ್ಜನ ಮುಖ ಅವರದಾಗಿತ್ತು.

"ಸರ್, ಇದರಲ್ಲಿ ಹತ್ತು ಅಂಕ ತೆಗೀಬೇಕು," ಎಂದಳು ಮಗಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವಳು ಲೆಕ್ಕ ಮಾಡಿ ತೋರಿಸಿದಳು. ಅವರಿಗೆ ಅರ್ಥವಾಗುವುದಕ್ಕೆ ಹೊತ್ತೇನೂ ಬೇಕಾಗಲಿಲ್ಲ. ಒಪ್ಪಿಕೊಳ್ಳುವುದಕ್ಕೆ ಬೇಕಾಯಿತು.

"ತಪ್ಪಿಲ್ಲದ ಕಡೆ ನಾನು ಅಂಕ ಕಡಿಯಲ್ಲ ಮಗು. ಕೈ ಬರಲ್ಲ ನನಗೆ."

"ತಪ್ಪು ಹುಡುಕಿ ಸರ್. ಇದ್ದರೂ ಇರುತ್ತೆ."

ಅವರು ಹುಡುಕಿದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೆಂಪು ಪೆನ್ನು ಹಿಡಿದು ಒಂದೊಂದೇ ಹೆಜ್ಜೆ ನೋಡುತ್ತಾ ಹೋದರು. ಒಂದು ಕಡೆ ನಿಂತರು. ನಾನು ಮುಂದಕ್ಕೆ ಬಾಗಿದೆ. "ಈ ದಾರಿ ನಾನು ಕಲಿಸಿರಲಿಲ್ಲ. ನನ್ನ ದಾರಿಗಿಂತ ಚೆನ್ನಾಗಿದೆ," ಎಂದು ಮುಂದಕ್ಕೆ ಹೋದರು. ಕೊನೆಯ ಪುಟ ಮುಗಿಸಿದಾಗ ಅವರ ಮುಖದಲ್ಲಿ ಸಂತೋಷವೂ ಸಂಕಟವೂ ಒಟ್ಟಿಗೇ ಇದ್ದವು.

"ಒಂದು ಕೆಲಸ ಮಾಡು," ಎಂದು ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕೊನೆಯ ಲೆಕ್ಕಕ್ಕೆ ಹತ್ತು ಅಂಕ ಇದೆ. ಅದನ್ನ ಹೊಡೆದುಹಾಕಿ ಕೆಳಗೆ ತಪ್ಪಾಗಿ ಬರೆದುಬಿಡು. ನಾನು ಕಿಟಕಿ ಕಡೆ ನೋಡ್ತಿರ್ತೀನಿ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಮಗಳು ಪೆನ್ನು ತೆಗೆದುಕೊಂಡಳು. ಬರೆಯಲು ಹೋದಳು, ನಿಲ್ಲಿಸಿದಳು. ಮತ್ತೆ ಹೋದಳು. ಹುಬ್ಬು ಗಂಟಾಯಿತು, ನಾಲಿಗೆಯ ತುದಿ ಹೊರಗೆ ಬಂತು. ಬಹಳ ಕಷ್ಟಪಟ್ಟು ಪುಟದ ಅಂಚಿನಲ್ಲಿ ಒಂದು ಸಾಲು ಬರೆದಳು. ಮೇಷ್ಟ್ರು ತಿರುಗಿ ನೋಡಿ ಹಣೆ ಹಿಡಿದುಕೊಂಡರು.

"ಇದು ಅದೇ ಲೆಕ್ಕಕ್ಕೆ ಇನ್ನೊಂದು ದಾರಿ ಮಗು. ಇದೂ ಸರಿ."

"ತಪ್ಪು ಬರೆಯೋಕೆ ಬರ್ತಿಲ್ಲ ಸರ್," ಎಂದಳು. ಇಷ್ಟು ದಿನ ತಡೆದುಕೊಂಡಿದ್ದವಳು ಆಗ ಅತ್ತಳು. ಕಣ್ಣೆದುರು ಸೇತುವೆ ಇದೆ, ಅದರ ಮೇಲೆ ಕಾಲಿಡಬೇಕಾದರೆ ಕಾಲು ಜಾರಬೇಕು, ಮಗುವಿನ ಕಾಲು ಜಾರುತ್ತಿಲ್ಲ. ಇಂಥ ಕಷ್ಟಕ್ಕೆ ಅಪ್ಪನಾದವನು ಏನೆಂದು ಸಮಾಧಾನ ಹೇಳಬೇಕು?

ನಾನು ಮುಖ ತಿರುಗಿಸಿಕೊಂಡೆ. ಎದುರಿಗೆ ಬಾಗಿಲು. ಬಾಗಿಲ ಮೇಲೆ ನನ್ನದೇ ಕೆಂಪಕ್ಷರ. ಹೆಸರು ಬರೆಯದಿದ್ದರೆ ಹತ್ತು ಅಂಕ ಕಡಿತ.

ನಾನು ಬಾಯಿ ಬಿಡುವುದರೊಳಗೆ ಮಗಳೂ ಅತ್ತಲೇ ನೋಡುತ್ತಿದ್ದಳು. ಪತ್ರಿಕೆಯ ಮೊದಲ ಪುಟ ತಿರುಗಿಸಿದಳು. ಅಲ್ಲಿ ಅವಳ ಹೆಸರಿತ್ತು, ಪೆನ್ಸಿಲ್ಲಿನಲ್ಲಿ. ಅಕ್ಷರವನ್ನು ಮೊದಲು ಪೆನ್ಸಿಲ್ಲಿನಲ್ಲಿ ಕಟ್ಟಬೇಕು, ಆಮೇಲೆ ಬಣ್ಣ ತುಂಬಬೇಕು ಎಂದು ಕೈಹಿಡಿದು ಕಲಿಸಿದವನು ನಾನು. ಅವಳು ಪ್ರತಿ ಪತ್ರಿಕೆಯಲ್ಲೂ ಹಾಗೆ ಹೆಸರು ಕಟ್ಟಿಟ್ಟು, ಕೊನೆಯಲ್ಲಿ ಶಾಯಿ ತುಂಬಿ, ಕೆಳಗೆ ಎರಡು ಗೆರೆ ಎಳೆಯುವಳು. ಲೆಕ್ಕದ ದಿನ ಶಾಯಿ ತುಂಬುವುದರೊಳಗೆ ಗಂಟೆ ಹೊಡೆದಿತ್ತು.

ಅವಳು ರಬ್ಬರ್ ತೆಗೆದಳು. "ಅಪ್ಪ, ನಿನಗೆ ಬೇಜಾರಾಗುತ್ತಾ?"

"ನೀನು ಅಳಿಸು. ನಾನು ಬರೀತೀನಿ," ಎಂದೆ.

ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಮೇಷ್ಟ್ರು ರಬ್ಬರಿನ ಪುಡಿಯನ್ನು ಊದಿ, ಕೆಂಪು ಪೆನ್ನಿನಲ್ಲಿ ನೂರನ್ನು ಹೊಡೆದುಹಾಕಿ ತೊಂಬತ್ತು ಎಂದು ಬರೆದರು. ಆ ಸೊನ್ನೆಯನ್ನು ಎಷ್ಟು ನಿಧಾನವಾಗಿ ಎಳೆದರೆಂದರೆ ಅದು ಮೊಟ್ಟೆಯಾಕಾರಕ್ಕೆ ತಿರುಗಿತು.

"ನನ್ನ ಒಂದೇ ಒಂದು ನೂರಾಗಿತ್ತಮ್ಮ ಅದು," ಎಂದರು.

ದೊಡ್ಡ ಮೇಡಂ ಏನೂ ತಕರಾರು ಮಾಡಲಿಲ್ಲ. ಹೆಸರಿಲ್ಲ, ಹತ್ತು ಕಡಿತ, ನಿಯಮ ಅಂದರೆ ನಿಯಮ. ಯಾರ ಪತ್ರಿಕೆ ಎಂದು ಗೊತ್ತಾಗಲು ಸೀಟಿನ ನಂಬರ್ ಇದ್ದೇ ಇತ್ತು. ಗುಮಾಸ್ತರು ಹಾಳೆಯನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದರು. ನನ್ನ ಮಗಳು ಮೊದಲು, ಸರಾಸರಿ ಎರಡನೆಯವನು. ಫಲಿತಾಂಶ ಓದಿದ ದಿನ ಮೇಡಂ ವೇದಿಕೆಯ ಮೇಲೆ ನಿಂತು, ಕೂದಲೆಳೆಯಲ್ಲಿ ಮೊದಲ ಸ್ಥಾನ ಕಳೆದುಕೊಂಡ ವಿದ್ಯಾರ್ಥಿ ಎದೆಗುಂದಬಾರದು, ಜೀವನ ದೊಡ್ಡದಿದೆ ಎಂದು ಎರಡು ಮಾತು ಹೇಳಿದರು. ನನ್ನ ಪಕ್ಕದಲ್ಲಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಮರುದಿನ ಶಾಲೆ ಖಾಲಿಯಿರುವಾಗ ಸ್ಟೂಲು, ಡಬ್ಬಗಳು, ಹೊಸ ಬ್ರಷ್ ತೆಗೆದುಕೊಂಡು ಹೋದೆ. ಹಲಗೆಯಲ್ಲಿ ಈ ವರ್ಷದ ಸಾಲು ಕಾಯುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ ಅಂತಲ್ಲ, ಅನುಭವವಿದೆ. ಹಳೆಯ ಬರಹದ ಮೇಲೆ ತೆಳ್ಳಗೆ ಬಣ್ಣ ಹೊಡೆದರೆ ಅದು ಕೆಲವು ವರ್ಷಕ್ಕೆ ಮೇಲೆ ಬಂದೇ ಬರುತ್ತದೆ. ಚಪ್ಪಲಿ ಅಂಗಡಿಯ ಬೋರ್ಡಿನಲ್ಲಿ ಮೊದಲಿದ್ದ ಬೇಕರಿಯ ಕೇಕು ಇಣುಕಿ ನಾನು ಬೈಸಿಕೊಂಡದ್ದು ಊರಿಗೇ ಗೊತ್ತು. ಅಂದಿನಿಂದ ಯಾವ ಬೋರ್ಡಿಗಾದರೂ ಮೂರು ಕೋಟು ಕಪ್ಪು ಹೊಡೆಯದೆ ನಾನು ಅಕ್ಷರ ಇಡುವುದಿಲ್ಲ.

ಆ ಸಾಲಿನ ಉದ್ದಕ್ಕೂ ಮೊದಲು ಬಿಳಿ ಬಣ್ಣದಲ್ಲಿ ದಪ್ಪಗೆ ೧೦೦ ಎಂದು ಬರೆದೆ. ಒಣಗುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಅದರ ಮೇಲೆ ಕಪ್ಪು ಬಳಿದೆ. ಒಂದೇ ಕೋಟು. ಅದೂ ಒಣಗಿದ ಮೇಲೆ ಪೆನ್ಸಿಲ್ಲಿನಲ್ಲಿ ಮಗಳ ಹೆಸರು ಕಟ್ಟಿ, ಬಂಗಾರದ ಬಣ್ಣ ತುಂಬಿ, ಕೆಳಗೆ ಎರಡು ಗೆರೆ ಎಳೆದೆ. ಇಷ್ಟು ವರ್ಷ ಬರೆದ ಹೆಸರುಗಳಲ್ಲಿ ಯಾವುದಕ್ಕೂ ನಾನು ಗೆರೆ ಎಳೆದವನಲ್ಲ.

ಕೆಳಗಿಳಿದು ನೋಡಿದರೆ ಲೆಕ್ಕದ ಮೇಷ್ಟ್ರು ಹಿಂದೆ ನಿಂತಿದ್ದರು. ಯಾವಾಗ ಬಂದರೋ, ಬಿಳಿ ಬಣ್ಣದ ಡಬ್ಬವನ್ನೂ ನನ್ನನ್ನೂ ನೋಡುತ್ತಿದ್ದರು. ಎಲ್ಲ ನೋಡಿದ್ದಾರೆಂದು ಮುಖವೇ ಹೇಳುತ್ತಿತ್ತು.

"ಎಷ್ಟು ದಿನ ಬೇಕು, ಕಾಣೋಕೆ?" ಎಂದರು.

"ಬಿಸಿಲು ಬಿದ್ದರೆ ಬೇಗ ಬರುತ್ತೆ ಸರ್. ನೀವು ರಿಟೈರ್ ಆಗೋದರೊಳಗೆ ಕಾಣುತ್ತೆ."

ಮೇಷ್ಟ್ರು ಕಾರಿಡಾರಿನ ಕಿಟಕಿಯ ಹತ್ತಿರ ಹೋಗಿ, ಅದರ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ಮತ್ತೆ ಯಾರೂ ಎಳೆಯದ ಹಾಗೆ ಗಂಟು ಹಾಕಿ ಹೊರಟುಹೋದರು.